ಜೋಳವಿಲ್ಲದ ಪೆಟ್ರೋಲು

"ಬರೆದಿಟ್ಕೋ ಮಾರ್ಲಾ! ಈ ಸಲ ಹಿಮ ಕರಗಿದ ಮಾರನೇ ದಿನ ಒಂದೇ ಒದೆತಕ್ಕೆ ನನ್ನ ಮೋಟರ್‌ಸೈಕಲ್ ಗುಡುಗ್ಲಿಲ್ಲ ಅಂದ್ರೆ ನನ್ನ ಹೆಸರು ಡೆಲ್ಮರ್ ಟೋಸ್ಟ್ರುಡ್ ಅಲ್ಲ!"

ಅಡುಗೆಮನೆಯ ನಟ್ಟನಡುವೆ, ಸೈನ್ಯಕ್ಕೆ ಆಜ್ಞೆ ಕೊಡುವ ದಂಡನಾಯಕನಂತೆ ನಿಂತು ಡೆಲ್ಮರ್ ಈ ಭೀಷಣ ಪ್ರತಿಜ್ಞೆ ಮಾಡಿದ. ಎದುರಿಗಿದ್ದ ಸೈನ್ಯವೆಂದರೆ ಅವನ ಹೆಂಡತಿ ಮಾರ್ಲಾ ಮತ್ತು ಒಂದು ಮೂಟೆ ಆಲೂಗಡ್ಡೆ. ಎರಡೂ ತಲೆ ಎತ್ತಲಿಲ್ಲ.

"ಹೋದ ವರ್ಷಾನೂ ಹಿಂಗೇ ಅಂದಿದ್ದೆ. ಹೆಸರು ಇನ್ನೂ ಅದೇ ಇದೆಯಲ್ಲ ಮಹಾರಾಯ?" ಎಂದಳು ಮಾರ್ಲಾ, ಸಿಪ್ಪೆ ಸುಲಿಯುತ್ತಲೇ.

ಹೋದ ವರ್ಷದ ಮಾತು ಎತ್ತಬಾರದಿತ್ತು. ಐದು ತಿಂಗಳು ಗ್ಯಾರೇಜಿನಲ್ಲಿ ಕಂಬಳಿ ಹೊದ್ದು ಮಲಗಿದ್ದ ಗಾಡಿಯನ್ನು ಏಪ್ರಿಲಿನಲ್ಲಿ ಹೊರಗೆಳೆದು ಡೆಲ್ಮರ್ ಅರವತ್ಮೂರು ಸಲ ಒದ್ದಿದ್ದ. ಅರವತ್ನಾಲ್ಕನೆಯ ಸಲ ಗಾಡಿಯೇ ತಿರುಗಿ ಒದ್ದಿತು! ಮೊಣಕಾಲ ಕೆಳಗೆ ನೇರಳೆ ಬಣ್ಣದ ಬದನೆಕಾಯಿ ಎದ್ದಿತು. ಮೆಕ್ಯಾನಿಕ್ ಲೈಲ್ ಕಾರ್ಬುರೇಟರು ಬಿಚ್ಚಿ, ಒಳಗಿನಿಂದ ಹಸಿರು ಲೋಳೆಯೊಂದನ್ನು ಹೆಬ್ಬೆರಳಿನ ಮೇಲೆ ತೆಗೆದು ತೋರಿಸಿದ್ದ.

"ನೋಡಪ್ಪಾ, ನಿಮ್ಮ ಮಾವನ ಮೆಕ್ಕೆಜೋಳ. ಚಳಿಗಾಲ ಪೂರ್ತಿ ಕೂತು ಕೂತು ಅಂಬಲಿ ಆಗೋಗಿದೆ."

ಇಲ್ಲಿಂದಲೇ ಶುರು ಡೆಲ್ಮರನ ಧರ್ಮಸಂಕಟ. ಮಿನೆಸೋಟದ ಆ ಮೂಲೆಯ ಟಿಲ್ಡಾಲ್ ಎಂಬ ಊರು ಉಸಿರಾಡುವುದೇ ಮೆಕ್ಕೆಜೋಳದಿಂದ. ರೈತರೆಲ್ಲ ಕೂಡಿ ಕಟ್ಟಿದ ಕಾರ್ಖಾನೆಯಲ್ಲಿ ಜೋಳವನ್ನು ಕೊಳೆಹಾಕಿ ಎಥೆನಾಲ್ ಭಟ್ಟಿ ಇಳಿಸುತ್ತಾರೆ. ಅದು ಪೆಟ್ರೋಲಿಗೆ ಬೆರೆಯುತ್ತದೆ. ಆ ಪೆಟ್ರೋಲು ಊರ ಬಂಕಿಗೆ ಬರುತ್ತದೆ. ಹತ್ತೊಂಬತ್ತು ವರ್ಷದಿಂದ ಆ ಕಾರ್ಖಾನೆಯ ಅಧ್ಯಕ್ಷರು ಯಾರು? ಮಾರ್ಲಾಳ ಅಪ್ಪ, ಡೆಲ್ಮರನ ಮಾವ, ಆರ್ವಿಡ್ ನೀಗಾರ್ಡ್! ಅಲ್ಲಿ ಪ್ರಚಾರದ ಕೆಲಸ ಯಾರದು? ಸಾಕ್ಷಾತ್ ಡೆಲ್ಮರನದೇ! ಊರ ಬಾಗಿಲಲ್ಲಿ ಮೂರಾಳೆತ್ತರದ ಫಲಕವಿದೆ. "ನಮ್ಮ ಹೊಲದ ಬೆಳೆ, ನಮ್ಮ ಗಾಡಿಗೆ ಬಲ!" ಬರೆದವನು ಡೆಲ್ಮರ್. ಅದರ ಕೆಳಗೆ, ಇದೇ ಮೋಟರ್‌ಸೈಕಲ್ಲಿನ ಮೇಲೆ ಕುಳಿತು, ಕೈಯಲ್ಲಿ ಜೋಳದ ತೆನೆ ಹಿಡಿದು, ಮೂವತ್ತೆರಡು ಹಲ್ಲು ಬಿಟ್ಟಿರುವವನೂ ಡೆಲ್ಮರನೇ.

ಓಡುತ್ತಲೇ ಇರುವ ಗಾಡಿಗೆ ಆ ಪೆಟ್ರೋಲಿನಿಂದ ತೊಂದರೆಯಿಲ್ಲ. ನಿಂತ ಗಾಡಿಯ ಕಥೆ ಬೇರೆ. ಎಥೆನಾಲ್ ಗಾಳಿಯಲ್ಲಿನ ತೇವವನ್ನೆಲ್ಲ ಕುಡಿದು, ತಳದಲ್ಲಿ ಕೂತು, ಕೊಳೆತು, ಕೊನೆಗೆ ಅಂಬಲಿ. ಇದು ಪ್ರಚಾರ ಮಾಡುವವನಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಊರಿಗೆ ಉಪದೇಶ ಮಾಡುವವರ ಬಾಯಿ ನೋಡಬಾರದು ಸ್ವಾಮಿ, ಅವರ ಟ್ಯಾಂಕಿನ ಮುಚ್ಚಳ ತೆರೆದು ಮೂಗು ಇಟ್ಟು ನೋಡಬೇಕು!

ನವೆಂಬರಿನ ಮೊದಲ ವಾರ ಡೆಲ್ಮರ್ ಲೈಲನ ಅಂಗಡಿಗೆ ಹೋಗಿ, ರೋಗ ಹೇಳಿಕೊಳ್ಳಲು ನಾಚುವವನಂತೆ ಪಿಸುಗುಟ್ಟಿದ. "ಚಳಿಗಾಲಕ್ಕೆ ಯಾವ್ದು ಹಾಕ್ಲಿ?"

"ಐದಾರು ತಿಂಗಳು ನಿಲ್ಲಿಸೋದಾದ್ರೆ ಜೋಳ ಬೆರೆಸದೇ ಇರೋದು ಹಾಕು. ಪೆಟ್ರೋಲ್ ಕೆಡದ ಹಾಗೆ ಇಡೋ ಔಷಧಿ ಒಂದು ಮುಚ್ಚಳ ಬಿಡು. ಹತ್ತು ನಿಮಿಷ ಎಂಜಿನ್ ಓಡಿಸು, ಹೊಸದು ಕಾರ್ಬುರೇಟರಿಗೂ ಇಳೀಲಿ. ಆಮೇಲೆ ಟ್ಯಾಂಕ್ ತುಂಬಿಸಿಡು. ಖಾಲಿ ಬಿಟ್ಯೋ, ಒಳಗೆ ತುಕ್ಕು."

"ಜೋಳ ಇಲ್ಲದ್ದು ಎಲ್ಲಿ ಸಿಗುತ್ತೆ?"

ಅಂಗಡಿಯಲ್ಲಿ ಅವರಿಬ್ಬರನ್ನು ಬಿಟ್ಟರೆ ಒಂದು ಬೆಕ್ಕು ಮಾತ್ರ ಇತ್ತು. ಆದರೂ ಲೈಲ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಓಕ್‌ಬೆಂಡ್" ಎಂದ.

ಓಕ್‌ಬೆಂಡ್ ಎಂದರೆ ನಲವತ್ತು ಮೈಲಿ. ಶನಿವಾರ ಬೆಳಿಗ್ಗೆ "ಟೈರಿಗೆ ಗಾಳಿ ಹಾಕಿಸ್ಕೊಂಡು ಬರ್ತೀನಿ" ಎಂದು ಹೇಳಿ, ಹಿಂದಿನ ಸೀಟಿನಲ್ಲಿ ಎರಡು ಡಬ್ಬಿಗಳನ್ನು ಕಂಬಳಿಯ ಕೆಳಗೆ ಬಚ್ಚಿಟ್ಟುಕೊಂಡು ಡೆಲ್ಮರ್ ಕಾರು ಹೊರಡಿಸಿದ. ತಲೆಗೆ ಕಿತ್ತಳೆ ಬಣ್ಣದ ಬೇಟೆ ಟೋಪಿ. ಜಿಂಕೆ ಬೇಟೆಯ ದಿನಗಳಲ್ಲಿ ಆ ಸೀಮೆಯ ಗಂಡಸರೆಲ್ಲ ಅದೇ ಟೋಪಿಯಲ್ಲಿರುತ್ತಾರೆ. ಕಳ್ಳನಿಗೂ ಸಾಹುಕಾರನಿಗೂ ಒಂದೇ ತಲೆ. ಊರ ಬಾಗಿಲಿನ ಫಲಕದ ಕೆಳಗೆ ಹಾದುಹೋಗುವಾಗ ಮೇಲಿನ ಡೆಲ್ಮರ್ ಕೆಳಗಿನ ಡೆಲ್ಮರನನ್ನು ನೋಡಿ ಹಲ್ಲು ಬಿಟ್ಟ. ಕೆಳಗಿನವನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ.

ಆ ಹೊತ್ತಿಗೆ ಮನೆಯಲ್ಲಿ ಬೇರೆಯೇ ಯಜ್ಞ ನಡೆದಿತ್ತು. ಅಂದು ಸಂಜೆ ಲೂಥರನ್ ಚರ್ಚಿನಲ್ಲಿ ಊರ ವಾರ್ಷಿಕ ಊಟ. ಕ್ಷಾರದಲ್ಲಿ ನೆನೆಸಿದ ಮೀನು, ಕರಗಿಸಿದ ಬೆಣ್ಣೆ, ಮತ್ತು ಲೆಫ್ಸೆ. ಲೆಫ್ಸೆ ಎಂದರೆ ಬೇಯಿಸಿದ ಆಲೂಗಡ್ಡೆಗೆ ಹಿಟ್ಟು ಸೇರಿಸಿ ನಾದಿ, ಉಸಿರು ಬಿಟ್ಟರೆ ಹಾರುವಷ್ಟು ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಉದ್ದನೆಯ ಕಡ್ಡಿಯಲ್ಲಿ ಮಗುಚುವ ರೊಟ್ಟಿ. ನಲವತ್ತು ವರ್ಷ ಆ ಊಟಕ್ಕೆ ಲೆಫ್ಸೆ ಮಾಡಿಕೊಟ್ಟವರು ಮಾರ್ಲಾಳ ತಾಯಿ ಬೋರ್ಗಿಲ್ಡ್. ಅವರು ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಈ ವರ್ಷ ಮೊದಲ ಬಾರಿಗೆ ಇನ್ನೂರ ನಲವತ್ತು ಲೆಫ್ಸೆಗಳ ಹೊಣೆ ಮಗಳ ಮೇಲೆ ಬಿದ್ದಿತ್ತು. ಮೂರು ರಾತ್ರಿ ಮಾರ್ಲಾ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ತೆಳು ಬಂತಾ, ಉಪ್ಪು ಸರಿಯಾ, ಅಂಚು ಒಡೆಯಿತಾ, ಅಮ್ಮನ ಹೆಸರು ಉಳಿಯುತ್ತಾ? ಅದು ಬರೀ ರೊಟ್ಟಿಯಲ್ಲ. ಊರು ಅವಳನ್ನು ತಾಯಿಯ ಜಾಗದಲ್ಲಿ ಕೂರಿಸುತ್ತದೋ ಇಲ್ಲವೋ ಎಂಬ ತೀರ್ಪು.

ಡೆಲ್ಮರ್ ವಾಪಸು ಬಂದಾಗ ಅವಳ ಮೂಗಿನ ತುದಿಯವರೆಗೂ ಹಿಟ್ಟು.

"ಎರಡೂವರೆ ಗಂಟೆ ಗಾಳಿ ಹಾಕಿಸ್ದ್ಯಾ? ಟೈರ್ ಆಕಾಶಕ್ಕೆ ಹಾರ್ಲಿಲ್ವಾ?"

"ಸರದಿ ಇತ್ತು."

"ಸರಿ ಸರಿ. ನೋಡು, ಅಮ್ಮನ ಮರದ ಪೆಟ್ಟಿಗೇಲಿ ಬಿಳಿ ಬಟ್ಟೆ ಹಾಸಿ ಹಾಸಿ ಲೆಫ್ಸೆ ಎಲ್ಲಾ ಜೋಡಿಸಿ ಗ್ಯಾರೇಜಿನಲ್ಲಿ ಇಟ್ಟಿದೀನಿ, ಆರ್ಲಿ ಅಂತ ಮುಚ್ಚಳ ತೆರೆದಿದೆ. ಅಪ್ಪ ಪಿಕಪ್ ತಂದು ಎತ್ಕೊಂಡು ಹೋಗ್ತಾರೆ. ನೀನು ಆ ಕಡೆ ಕೈ ಹಾಕ್ಬೇಡ, ಕಾಲು ಹಾಕ್ಬೇಡ, ಕಣ್ಣೂ ಹಾಕ್ಬೇಡ!"

ಅಲ್ಲಿನ ಮನೆಗಳಲ್ಲಿ ನವೆಂಬರಿನಿಂದ ಗ್ಯಾರೇಜೇ ಎರಡನೇ ಫ್ರಿಜ್ಜು. ಒಂದು ಮೂಲೆಯಲ್ಲಿ ಸೂಪಿನ ಪಾತ್ರೆ, ಇನ್ನೊಂದರಲ್ಲಿ ಬಿಯರು, ನಡುವೆ ಗಾಡಿ. ಯಾರಿಗೂ ಇದು ತಪ್ಪೆನ್ನಿಸುವುದಿಲ್ಲ, ತಪ್ಪಾಗುವವರೆಗೆ!

ಡೆಲ್ಮರ್ ಅಂಗಳದಲ್ಲಿ, ಮೂಗು ಉದುರುವ ಚಳಿಯಲ್ಲಿ, ಶಾಸ್ತ್ರೋಕ್ತವಾಗಿ ಕೆಲಸ ಶುರುಮಾಡಿದ. ಟ್ಯಾಂಕಿನಲ್ಲಿದ್ದ ಹಳೆಯ ಜೋಳದ ಪೆಟ್ರೋಲನ್ನು ಬಸಿದು ಎಲ್ಲಿಗೆ ಸುರಿದ? ಹೆಂಡತಿಯ ಕಾರಿಗೆ! ಪ್ರಚಾರಕನ ನಿಷ್ಠೆ ಎಂದರೆ ಇದು. ಹೊಸದನ್ನು ಸುರಿದ, ಔಷಧಿ ಬಿಟ್ಟ, ಹತ್ತು ನಿಮಿಷ ಎಂಜಿನ್ ಓಡಿಸಿದ. ನಂತರ, ಒಂದು ಚೂರು ಗಾಳಿಗೂ ಒಳಗೆ ಜಾಗವಿರಬಾರದೆಂದು, ಟ್ಯಾಂಕಿನ ಕತ್ತಿನವರೆಗೆ ತುಂಬಿಸಿ, ಮುಚ್ಚಳ ಬಿಗಿದು, ಗಾಡಿಯನ್ನು ಗ್ಯಾರೇಜಿನೊಳಕ್ಕೆ ತಳ್ಳಿದ. ಕೆಳಗೆ ಕಾದ ಎಂಜಿನ್ನು, ಪಕ್ಕದಲ್ಲಿ ಮಾರ್ಲಾ ಓಡಾಡಲೆಂದು ತೆರೆದಿಟ್ಟ ಅಡುಗೆಮನೆಯ ಬಾಗಿಲು, ಅದರಿಂದ ಇನ್ನೂ ಆರದ ಎರಡು ಕಾವಲಿಗಳ ಶಾಖ. ಚಳಿಯಲ್ಲಿ ಮುದುಡಿ ಕೂತಿದ್ದ ಪೆಟ್ರೋಲು ಬೆಚ್ಚಗಾಯಿತು. ಬೆಚ್ಚಗಾದರೆ ಮನುಷ್ಯನೂ ಕೈಕಾಲು ಚಾಚುತ್ತಾನೆ, ಪೆಟ್ರೋಲು ಚಾಚದೇ ಇರುತ್ತದೆಯೇ?

ತೊಟ್. ತೊಟ್. ತೊಟ್ ತೊಟ್ ತೊಟ್!

ಮುಚ್ಚಳದ ಸಂದಿಯಿಂದ ಉಕ್ಕಿ, ಟ್ಯಾಂಕಿನ ಕೆನ್ನೆಯ ಮೇಲೆ ಧಾರೆಯಾಗಿ ಇಳಿಯತೊಡಗಿತು. ಡೆಲ್ಮರ್ ಓಡಿ ಎಂಜಿನ್ನಿಗೆ ತಾಗದಂತೆ ಅಂಗೈ ಒಡ್ಡಿದ. ಅದೇ ಕ್ಷಣಕ್ಕೆ ಅಂಗಳದಲ್ಲಿ ಪಿಕಪ್ಪಿನ ಸದ್ದು. ಮಾವ!

ಮುಂದಿನ ಹತ್ತು ಸೆಕೆಂಡುಗಳಲ್ಲಿ ಡೆಲ್ಮರ್ ಏನು ಮಾಡಿದನೆಂಬುದು ಅವನಿಗೇ ಆಮೇಲೆ ನೆನಪಾದದ್ದು. ಕೈಗೆ ಸಿಕ್ಕ ಬಿಳಿ ಬಟ್ಟೆಯನ್ನು ಸೆಳೆದ, ಟ್ಯಾಂಕು ಒರೆಸಿದ, ನೆಲ ಒರೆಸಿದ, ಅಂಗೈ ಒರೆಸಿದ. ಬಾಗಿಲಿನಲ್ಲಿ ಮಾವನ ಬೂಟು ಕಂಡಿತು. ತೊಪ್ಪೆಯಾದ ಬಟ್ಟೆಯನ್ನು ಮುದ್ದೆಮಾಡಿ, ಬಿಳಿ ಬಟ್ಟೆಗಳೇ ಕಂಡ ಕಡೆ ತುರುಕಿ, ಕೈ ಹಿಂದೆ ಕಟ್ಟಿಕೊಂಡು, ಚರ್ಚಿನ ಗಾಯಕನಂತೆ ನಿಂತುಬಿಟ್ಟ.

ಆರ್ವಿಡ್ ಎಪ್ಪತ್ತೊಂಬತ್ತರ ಗಟ್ಟಿ ಮುದುಕ. ದಿನಕ್ಕೆ ಇಪ್ಪತ್ತು ಮಾತಿಗಿಂತ ಹೆಚ್ಚು ಆಡಿದರೆ ಗಂಟಲು ಕೆಡುತ್ತದೆಂದು ನಂಬಿದವರು. ಬಾಗಿಲಲ್ಲೇ ಮೂಗು ಎತ್ತಿದರು.

"ಪೆಟ್ರೋಲ್ ವಾಸನೆ."

"ಕಾರ್ಬುರೇಟರ್ ತೊಳೀತಿದ್ದೆ ಮಾವ."

"ಚಳಿಗಾಲಕ್ಕೆ ನಿಲ್ಲಿಸ್ತಿದೀಯಾ?"

"ಹೌದು ಮಾವ."

"ಯಾವ ಪೆಟ್ರೋಲ್ ಹಾಕ್ದೆ?"

"ನಮ್ಮದೇ ಮಾವ! ಮತ್ತಿನ್ಯಾರದ್ದು? ನಮ್ಮ ಹೊಲದ ಬೆಳೆ!"

ಆರ್ವಿಡ್ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. "ಹ್ಞೂಂ" ಎಂದರು. ಮರದ ಪೆಟ್ಟಿಗೆಯ ಮುಚ್ಚಳ ಹಾಕಿ, ಕೊಂಡಿ ಬಿಗಿದು, "ಆ ಕಡೆ ಹಿಡಿ" ಎಂದರು. ಇಬ್ಬರೂ ಎತ್ತಿ ಪಿಕಪ್ಪಿನ ಹಿಂದೆ ಇಟ್ಟರು. ಗಂಡಾಂತರ ಕಳೆಯಿತೆಂದು ಡೆಲ್ಮರ್ ಉಸಿರು ಬಿಟ್ಟ. ಸಂಜೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಶಿಳ್ಳೆ ಹೊಡೆಯುತ್ತಾ ಹೆಂಡತಿಯೊಂದಿಗೆ ಊಟಕ್ಕೆ ಹೊರಟ.

ಚರ್ಚಿನ ನೆಲಮಾಳಿಗೆಯ ಊಟದ ಕೋಣೆಯಲ್ಲಿ ಇನ್ನೂರು ಜನ. ಕ್ಷಾರದ ಮೀನಿನ ಘಾಟು ಎಷ್ಟಿತ್ತೆಂದರೆ ಅಲ್ಲಿ ಒಂದು ಟ್ಯಾಂಕರ್ ಮಗುಚಿದ್ದರೂ ಯಾರ ಮೂಗಿಗೂ ತಿಳಿಯುತ್ತಿರಲಿಲ್ಲ! ಪೆಟ್ಟಿಗೆ ಮೂರು ಗಂಟೆ ಕಾಲ ಬಿಸಿಗಾಳಿಯ ಕಿಂಡಿಯ ಪಕ್ಕ, ಕೊಂಡಿ ಹಾಕಿಕೊಂಡು, ಒಳಗೊಳಗೇ ಪಕ್ವವಾಗುತ್ತಾ ಕೂತಿತ್ತು. ಮಾರ್ಲಾ ಮೇಲಿನ ಸಾಲಿನಿಂದ ತೆಗೆತೆಗೆದು, ಮೊದಲ ತಟ್ಟೆಯನ್ನು ಹಿರಿಯರ ಮೇಜಿಗೆ ತಂದಿಟ್ಟಳು. ಊಟದ ಸಮಿತಿಯ ಮುಖ್ಯಸ್ಥೆ ಬರ್ನೀಸ್, ಎಂಬತ್ತೆರಡು ವರ್ಷ, ಬೋರ್ಗಿಲ್ಡರ ಪ್ರಾಣಸ್ನೇಹಿತೆ, ಒಂದು ಲೆಫ್ಸೆಗೆ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ, ಕಚ್ಚಿದರು.

ಅಗಿದರು. ನಿಲ್ಲಿಸಿದರು. ಮತ್ತೆ ಅಗಿದರು. ನುಂಗಿದರು. ನೀರು ಕುಡಿದರು.

"ಬೇರೆ ಥರ ಇದೆ" ಎಂದರು.

ಕೋಣೆ ತಣ್ಣಗಾಯಿತು. ಆ ಊರಿನವರು ಯಾರನ್ನೂ ಬೈಯುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ "ಸ್ವಲ್ಪ ಸೆಕೆ" ಎನ್ನುವ ಜನ. ಅವರ ಬಾಯಲ್ಲಿ "ಬೇರೆ ಥರ ಇದೆ" ಬಂತೆಂದರೆ ನಮ್ಮಲ್ಲಿ ತಟ್ಟೆಯನ್ನು ಎತ್ತಿ ಗೋಡೆಗೆ ಎಸೆದಂತೆ! ಪಕ್ಕದಲ್ಲಿದ್ದ ಪಾದ್ರಿಯಮ್ಮ ಒಂದು ಚೂರು ಬಾಯಿಗಿಟ್ಟು, "ಕುತೂಹಲಕರವಾಗಿದೆ" ಎಂದು ಕಣ್ಣು ಮುಚ್ಚಿಕೊಂಡರು. ಪ್ರಾರ್ಥನೆಯೋ ಏನೋ.

ಬರ್ನೀಸ್ ಮಾರ್ಲಾಳ ಕೈ ತಟ್ಟಿದರು. "ಬೇಜಾರು ಮಾಡ್ಕೋಬೇಡ ಮಗಳೇ. ನಿಮ್ಮಮ್ಮನ ಕೈ ಎಲ್ಲರಿಗೂ ಬರುತ್ತಾ?"

ಮಾರ್ಲಾ ತಾನೂ ಒಂದು ತುಂಡು ಮುರಿದು ಬಾಯಿಗಿಟ್ಟಳು. ಅವಳ ಮುಖ ಹಿಟ್ಟಿಗಿಂತ ಬೆಳ್ಳಗಾಯಿತು. "ಆಲೂಗಡ್ಡೇನೇ ಕೆಟ್ಟಿತ್ತು ಅನ್ಸುತ್ತೆ... ನಾನು ನೋಡ್ಕೋಬೇಕಿತ್ತು. ನನ್ನದೇ ತಪ್ಪು" ಎಂದಳು.

ಆಗ ಡೆಲ್ಮರನ ಕಣ್ಣ ಮುಂದೆ ಆ ಹತ್ತು ಸೆಕೆಂಡುಗಳು ಒಂದೊಂದಾಗಿ ಬಂದು ನಿಂತವು. ಬಿಳಿ ಬಟ್ಟೆ. ಬಿಳಿ ಬಟ್ಟೆಗಳ ನಡುವೆ ತುರುಕಿದ್ದು. ಮರದ ಪೆಟ್ಟಿಗೆ. ಕೊಂಡಿ.

ಸುಮ್ಮನಿರಬಹುದಿತ್ತು! ಆಲೂಗಡ್ಡೆ ಬಾಯಿಬಿಟ್ಟು ಸಾಕ್ಷಿ ಹೇಳುವುದಿಲ್ಲ. ಗಂಡಸು ಗ್ಯಾರೇಜಿನಲ್ಲಿ ಚೆಲ್ಲಿದ್ದಕ್ಕೆ ಹೆಂಗಸು ಊರೆದುರು ತಲೆತಗ್ಗಿಸುವುದು ಭೂಮಿಯ ಮೇಲೆ ಹೊಸ ವ್ಯವಸ್ಥೆಯೇನೂ ಅಲ್ಲ. ಎಷ್ಟು ಮನೆಗಳ ಮರ್ಯಾದೆ ಅದರ ಮೇಲೇ ನಿಂತಿಲ್ಲ? ಎದ್ದು ನಿಂತರೆ ಮಾವನ ಮುಂದೆ ಸುಳ್ಳುಗಾರ, ಕಾರ್ಖಾನೆಗೆ ದ್ರೋಹಿ, ಫಲಕದ ಮೇಲಿನ ಹಲ್ಲಿಗೆಲ್ಲ ಮಸಿ. ಡೆಲ್ಮರ್ ಮೇಜಿನ ಅಂಚು ಹಿಡಿದು ಕೂತ. ಮಾರ್ಲಾ ತಟ್ಟೆ ತೆಗೆದುಕೊಳ್ಳಲು ಬಗ್ಗಿದಳು. ಅವಳ ಬೆರಳುಗಳಲ್ಲಿ ಕಾವಲಿ ಸುಟ್ಟ ಕೆಂಪು ಗೆರೆಗಳಿದ್ದವು.

ಡೆಲ್ಮರ್ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು.

"ಆಲೂಗಡ್ಡೆ ಅಲ್ಲ! ನಾನು!"

ಇನ್ನೂರು ಫೋರ್ಕುಗಳು ಗಾಳಿಯಲ್ಲಿ ನಿಂತವು.

"ಪೆಟ್ರೋಲು! ನನ್ನ ಗಾಡೀದು! ಟ್ಯಾಂಕ್ ಉಕ್ತು, ಕೈಗೆ ಸಿಕ್ಕಿದ ಬಟ್ಟೇಲಿ ಒರೆಸ್ದೆ, ಆ ಬಟ್ಟೇನ ಲೆಫ್ಸೆ ಪೆಟ್ಟಿಗೆಗೇ ತುರುಕಿಬಿಟ್ಟೆ. ಮಾರ್ಲಾಳ ತಪ್ಪು ಏನೇನೂ ಇಲ್ಲ. ಅವಳು ಮಾಡಿದ್ದು ಚಿನ್ನದಂಥ ಲೆಫ್ಸೆ!"

ಮೇಜಿನ ತುದಿಯಿಂದ ಆರ್ವಿಡ್ ನಿಧಾನವಾಗಿ ಕೇಳಿದರು. "ಯಾವ ಪೆಟ್ರೋಲು?"

ಅರ್ಧ ಹೇಳಿ ಅರ್ಧ ನುಂಗುವುದು ಇನ್ನು ಸಾಧ್ಯವಿರಲಿಲ್ಲ. "ಓಕ್‌ಬೆಂಡಿಂದು, ಮಾವ. ಜೋಳ ಇಲ್ಲದ್ದು. ನಿಮ್ಮ ಹತ್ರ ಸುಳ್ಳು ಹೇಳ್ದೆ." ಡೆಲ್ಮರ್ ಕಣ್ಣು ಮುಚ್ಚಿ ಸಿಡಿಲಿಗೆ ಕಾದ.

ಸಿಡಿಲಿನ ಬದಲು ಪಾದ್ರಿಯಮ್ಮನ ಸ್ವರ ಕೇಳಿಸಿತು. "ಮುಂದಿನ ಪಂಪಿಂದಾ, ಹಿಂದಿಂದಾ?"

"ಆಂ?"

"ಅಲ್ಲ, ಮುಂದಿನದು ಮಂಗಳವಾರದಿಂದ ಕೆಟ್ಟಿತ್ತು. ನನ್ನ ಮೋಟರ್ ದೋಣಿಗೆ ತರೋಕೆ ಹೋಗಿ ವಾಪಸ್ ಬಂದೆ."

"ಗುರುವಾರ ರಿಪೇರಿ ಆಯ್ತಲ್ಲ" ಎಂದರು ಬರ್ನೀಸರ ಗಂಡ. "ನಾನು ಹಿಮ ತಳ್ಳೋ ಯಂತ್ರಕ್ಕೆ ತಂದೆ." ಅಂದವರು ಆರ್ವಿಡರನ್ನು ನೋಡಿ ಮೀನಿನ ತಟ್ಟೆಯೊಳಗೆ ಮುಖ ಹುದುಗಿಸಿದರು. ಹಿಂದಿನ ಮೇಜಿನಿಂದ ಯಾರೋ "ನಾನೂ" ಎಂದರು. ಮತ್ತೊಬ್ಬರು ಕೆಮ್ಮಿದರು. ಕಾರ್ಖಾನೆಯ ಪಾಲುದಾರರಿಂದಲೇ ತುಂಬಿದ ಆ ಕೋಣೆಯಲ್ಲಿ, ನೋಡನೋಡುತ್ತಿದ್ದಂತೆ, ಕೆಮ್ಮದವರೇ ಇರಲಿಲ್ಲ!

ಡೆಲ್ಮರನ ಬಾಯಿ ತೆರೆದಿತ್ತು. ಮೆಲ್ಲನೆ ಮಾವನ ಕಡೆ ತಿರುಗಿದ. "ಮಾವ... ನೀವು?"

ಆರ್ವಿಡ್ ತುಟಿ ಒರೆಸಿಕೊಂಡರು. "ನನ್ನ ಹಳೇ ಟ್ರ್ಯಾಕ್ಟರಿಗೆ ಹದಿನೈದು ವರ್ಷದಿಂದ ಅದೇ."

"ಮತ್ತೆ ನಮ್ಮ ಕಾರ್ಖಾನೇದು?"

"ನಾವು ಮಾಡೋದು ಮಾರೋಕಯ್ಯಾ. ಇಟ್ಕೊಳ್ಳೋಕಲ್ಲ."

ಅಂದಿನ ಪಾಲಿನ ಮಾತು ಮುಗಿಯಿತೆಂದು ಎಲ್ಲರೂ ಅಂದುಕೊಂಡರು. ಆದರೆ ಮುದುಕರ ಮುಖ ಈಗ ನಿಜವಾಗಿಯೂ ಕೆಂಪಾಯಿತು. "ಆದ್ರೆ ಟ್ಯಾಂಕನ್ನ ಕತ್ತಿನ ತನಕ ತುಂಬಿಸೋರು ಯಾರೋ ಮಂಕೇ! ಎರಡು ಬೆರಳು ಜಾಗ ಬಿಡಬೇಕು ಅಂತ ಗೊತ್ತಿಲ್ವಾ? ಬಿಸಿ ಎಂಜಿನ್ ಮೇಲೆ ಸುರಿದಿದ್ರೆ? ನನ್ನ ಮಗಳನ್ನ ಸುಡೋಕೆ ಹೊರಟಿದ್ಯಾ?"

ಎಂಬತ್ತು ಮೈಲಿ ಕದ್ದು ಓಡಾಡಿದ್ದು, ಬೇಟೆ ಟೋಪಿ, ಕಂಬಳಿ, ಎಲ್ಲ ಯಾರಿಂದ ಮುಚ್ಚಿಡಲು? ಊರೆಲ್ಲ ಅದೇ ಹೊಂಡದಲ್ಲಿ ಕತ್ತಿನವರೆಗೆ ಮುಳುಗಿ, ಒಬ್ಬರಿಗೊಬ್ಬರು ಕಾಣದಂತೆ ಉಸಿರು ಹಿಡಿದು ಕೂತಿತ್ತು.

ಇಷ್ಟರಲ್ಲಿ ಬರ್ನೀಸ್ ಎದ್ದು, ಕೋಲು ಊರಿಕೊಂಡು, ಮರದ ಪೆಟ್ಟಿಗೆಯ ಬಳಿ ಹೋಗಿದ್ದರು. ಆ ಬಟ್ಟೆಯನ್ನು ಎರಡು ಬೆರಳಲ್ಲಿ ಸತ್ತ ಇಲಿಯಂತೆ ಎತ್ತಿ ಹೊರಗೆಸೆದು, ಮೇಲಿನ ಸಾಲುಗಳನ್ನೆಲ್ಲ ಸರಿಸಿ, ತೀರಾ ತಳದಿಂದ ಒಂದು ಲೆಫ್ಸೆ ಎಳೆದರು. ತಳದ ಸಾಲಿಗೆ ದಪ್ಪ ಕಾಗದ ಸುತ್ತಿದ್ದರಿಂದ ಘಾಟು ಅಲ್ಲಿಗೆ ಇಳಿದಿರಲಿಲ್ಲ. ಮೂಸಿದರು. ಬೆಣ್ಣೆಯಿಲ್ಲದೆ, ಸಕ್ಕರೆಯಿಲ್ಲದೆ, ಬರಿದೇ ಕಚ್ಚಿದರು. ಮಾರ್ಲಾ ಉಸಿರಾಡುವುದನ್ನು ಮರೆತಿದ್ದಳು. ಕೋಣೆಯೂ ಮರೆತಿತ್ತು.

ಬರ್ನೀಸ್ ಮೊದಲನೆಯದನ್ನು ಮುಗಿಸಿ, ಎರಡನೆಯದನ್ನು ತೆಗೆದುಕೊಂಡರು. ಅದನ್ನೂ ಮುಗಿಸಿದರು. ಮೂರನೆಯದನ್ನು ಮಡಿಸಿ, ಯಾರೂ ನೋಡುತ್ತಿಲ್ಲವೆಂಬಂತೆ, ಕೈಚೀಲದೊಳಗೆ ಹಾಕಿಕೊಂಡರು. ಆಮೇಲೆ ತಮ್ಮ ಸಮಿತಿಯ ಏಪ್ರನ್ ಬಿಚ್ಚಿ ಮಾರ್ಲಾಳ ಸೊಂಟಕ್ಕೆ ಕಟ್ಟುತ್ತಾ, "ಬರೋ ವರ್ಷ ಇನ್ನೂ ಅರವತ್ತು ಜಾಸ್ತಿ ಮಾಡು" ಎಂದರು. ಮಾರ್ಲಾಳ ಕಣ್ಣು ತುಂಬಿ ಬಂತು.

ಈ ಶುಭಗಳಿಗೆಯಲ್ಲಿ ತನಗೂ ಒಂದಿಷ್ಟು ಪಾಲು ಸಿಗಬಹುದೆಂದು ಡೆಲ್ಮರ್ ಮೆಲ್ಲಗೆ ಹತ್ತಿರ ಸರಿದ.

"ನೋಡಿದ್ಯಾ ಮಾರ್ಲಾ? ನಿನಗೋಸ್ಕರ ಇಡೀ ಊರಿನ ಮುಂದೆ ಎದ್ದು ನಿಂತೆ."

"ನಿಂತೆ. ನಿಜ." ಮಾರ್ಲಾ ಕಣ್ಣೊರೆಸಿಕೊಂಡು ನಕ್ಕಳು. ಬಿದ್ದಿದ್ದ ಕುರ್ಚಿಯನ್ನು ಎತ್ತಿ ಅವನ ಹಿಂದೆ ಇಟ್ಟಳು. "ಈಗ ಕೂತ್ಕೋ."

ಡೆಲ್ಮರ್ ಕೂತ. ಮಾರ್ಲಾ ಪೆಟ್ಟಿಗೆಯ ಮೇಲಿನ ಸಾಲಿನಿಂದ, ಬಟ್ಟೆಗೆ ಒತ್ತಿಕೊಂಡಿದ್ದ ಲೆಫ್ಸೆಯನ್ನೇ ಆರಿಸಿ ತಂದು, ಪ್ರೀತಿಯಿಂದ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ, ಅವನ ತಟ್ಟೆಗಿಟ್ಟಳು. ಎದುರಿಗೆ ಕೈಕಟ್ಟಿ ನಿಂತಳು. ಇನ್ನೂರು ಜನ ಕತ್ತು ಉದ್ದ ಮಾಡಿದರು. ಮಾವ ತಮ್ಮ ಕುರ್ಚಿಯನ್ನು ಸ್ವಲ್ಪ ದೂರ ಎಳೆದುಕೊಂಡು, ಮೇಜಿನ ಮೇಲಿದ್ದ ಮೇಣದಬತ್ತಿಯನ್ನು ಊದಿ ಆರಿಸಿದರು.

ಡೆಲ್ಮರ್ ಒಂದು ತುಂಡು ಕಚ್ಚಿದ. ಕಿವಿಯಿಂದ ಹೊಗೆ ಬರಲಿಲ್ಲ, ಅಷ್ಟೇ. ಕಣ್ಣಿನಿಂದ ನೀರು ದಳದಳ ಇಳಿಯಿತು.

"ಹೇಗಿದೆ?" ಎಂದಳು ಮಾರ್ಲಾ.

ಡೆಲ್ಮರ್ ನುಂಗಿದ. ಅಂಗಿಯ ತೋಳಿನಿಂದ ಕೆನ್ನೆ ಒರೆಸಿಕೊಂಡ. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಚಾಚಿದ.

"ತುಂಬಾ ಚೆನ್ನಾಗಿದೆ. ಇನ್ನೊಂದು ಹಾಕು."

ಬೇಡ ಬಿಡು ಅನ್ನುತ್ತಾಳೆಂದುಕೊಂಡಿದ್ದ. ಎರಡು ಹಾಕಿದಳು!